ಬಿರಡೆ ಇಲಾರಿಯಾಳ ನೀಲಿ ಡೇರೆ

ನಮ್ಮ ಬೆಟ್ಟದೂರು ಯುರಾಕ್‌ಕಾಂಚದ ಇಲಾರಿಯಾಗೆ ಬಿರಡೆ ಎಂಬ ಅಡ್ಡಹೆಸರು ಬಿದ್ದು ಮೂವತ್ತು ವರ್ಷದ ಮೇಲಾಯಿತು. ಇಟ್ಟವನು ಬೇರೆ ಯಾರೂ ಅಲ್ಲ, ಅವಳ ಗಂಡ ನಿಕಾನೋರ್. ಮದುವೆಯಾಗಿ ಬಂದ ಮೊದಲ ವಾರವೇ ಅವಳು ಅವನ ಕಲ್ಲುಮನೆಯನ್ನು ಸುತ್ತಿ ಸುತ್ತಿ ನೋಡಿ, ಬೆರಳು ತೂರುವಷ್ಟು ಸಂದಿ ಕಂಡಲ್ಲೆಲ್ಲ ಮಣ್ಣು ಮೆತ್ತಿದಳು. ಬಾಗಿಲ ಕೆಳಗೆ ಕುರಿಯ ಚರ್ಮ ಸುರುಳಿ ಸುತ್ತಿ ಒತ್ತಿದಳು. ಹೊಗೆ ಹೋಗಲೆಂದು ಮಾವ ಬಿಟ್ಟಿದ್ದ ತೂತಿಗೂ ಒಂದು ಹಳೇ ಟೋಪಿ ತುರುಕಿದಳು. ಆ ಸಂಜೆ ಕೆಮ್ಮುತ್ತ ಹೊರಗೆ ಓಡಿಬಂದ ನಿಕಾನೋರ್ ಅಂಗಳದಲ್ಲಿ ನಿಂತು, ಅಕ್ಕಪಕ್ಕದವರಿಗೆಲ್ಲ ಕೇಳುವ ಹಾಗೆ ಹೇಳಿದ:

“ಹೆಂಡ್ತಿ ಬೇಕು ಅಂದಿದ್ದೆ ಕಣ್ರಯ್ಯಾ, ಬಿರಡೆ ಕೊಟ್ಟು ಕಳ್ಸಿದಾರೆ.”

ಎಲ್ಲರೂ ನಕ್ಕರು. ಇಲಾರಿಯಾ ನಗಲಿಲ್ಲ. ಅವಳು ಆರು ವರ್ಷದವಳಿದ್ದಾಗ ಅವ್ವ ಒಂದು ಕೆಲಸ ಹೇಳಿದ್ದಳು. ಕೈಗೂಸು ತಮ್ಮ ಮಲಗುವ ಮೂಲೆಯ ಗೋಡೆಯಲ್ಲಿ ಒಂದು ಸಂದಿ ಬಿಟ್ಟಿದೆ, ಅದಕ್ಕೆ ಇಚು ಹುಲ್ಲು ತುರುಕಿ ಬಾ ಎಂದು. ಇಲಾರಿಯಾ ಆಟದ ಗುಂಗಿನಲ್ಲಿ ಮರೆತಳು. ನಮ್ಮಲ್ಲಿ ಕೂಸುಗಳಿಗೆ ಗಾಳಿ ಸೋಕುತ್ತದೆ. ಬೆಟ್ಟದ ಆಚೆಯಿಂದ, ಹಳೆಯ ಸಮಾಧಿಗಳ ಮೇಲಿಂದ ಬರುವ ಗಾಳಿ ಅದು. ಅದಕ್ಕೆ ಬಾಗಿಲೇ ಬೇಕೆಂದಿಲ್ಲ, ಒಂದು ಸಂದಿ ಸಾಕು. ತಮ್ಮ ನಾಲ್ಕು ದಿನ ಕೆಮ್ಮಿ ಹೋದ. ಅವ್ವ ಮಗಳಿಗೆ ಒಂದು ಮಾತೂ ಆಡಲಿಲ್ಲ. ಗೋಡೆಯ ಹತ್ತಿರ ಹೋಗಿ ಆ ಸಂದಿಯ ಮೇಲೆ ಅಂಗೈ ಇಟ್ಟುಕೊಂಡು ಸ್ವಲ್ಪ ಹೊತ್ತು ನಿಂತಳು. ಬೈದಿದ್ದರೆ ಇಲಾರಿಯಾ ಬಹುಶಃ ಮರೆಯುತ್ತಿದ್ದಳು. ಆ ಅಂಗೈಯನ್ನು ಅವಳು ಮರೆಯಲಿಲ್ಲ.

ಅವ್ವನ ಕೈಯಿಂದ ಅವಳಿಗೆ ಬಂದದ್ದು ಇನ್ನೊಂದಿತ್ತು. ನಮ್ಮ ಮಕ್ಕಳಿಗೆ ಮೂರು ವರ್ಷವಾಗುವ ತನಕ ಕೂದಲಿಗೆ ಕತ್ತರಿ ಹಾಕುವುದಿಲ್ಲ. ಆಮೇಲೆ ಒಂದು ದಿನ ನೆಂಟರೆಲ್ಲ ಕೂಡಿ ಒಬ್ಬೊಬ್ಬರು ಒಂದೊಂದು ಜಡೆ ಕತ್ತರಿಸುತ್ತಾರೆ. ಕತ್ತರಿಸುವ ಮೊದಲು, ಈ ಕೂಸಿಗೆ ನಾನು ಇಂಥದ್ದು ಕೊಟ್ಟೆ ಎಂದು ಗಟ್ಟಿಯಾಗಿ ಹೇಳಬೇಕು. ಹೇಳಿದ ಮೇಲೆ ಅದು ಕೂಸಿನದು. ಕೊಟ್ಟದ್ದು ನಾವು ಉಣ್ಣೆಗೆ ಸಾಕುವ ಹೆಣ್ಣು ಅಲ್ಪಾಕಾ ಆದರೆ ಅದರ ಮರಿಗಳೂ, ಮರಿಗಳ ಮರಿಗಳೂ ಕೂಸಿನವೇ. ಅಪ್ಪನಾಗಲಿ ಮುಂದೆ ಗಂಡನಾಗಲಿ ಕೇಳುವ ಹಾಗಿಲ್ಲ. ಇಲಾರಿಯಾಗೆ ಅವಳವ್ವ ಕೊಟ್ಟಿದ್ದು ಹುರಿದ ಕಾಫಿಬೀಜದಷ್ಟು ಕಂದಾದ ಒಂದು ಹೆಣ್ಣುಮರಿ. ಆ ಮರಿಗೆ ಮರಿಯಾಗಿ, ಅವಳು ಮದುವೆಯಾಗಿ ಬರುವ ಹೊತ್ತಿಗೆ ಇಪ್ಪತ್ತೆರಡು ಕಂದು ಅಲ್ಪಾಕಾಗಳು ಅವಳ ಹಿಂದೆ ನಡೆದುಬಂದಿದ್ದವು. ನಿಕಾನೋರನ ಬಿಳಿ ಹಿಂಡಿನ ನಡುವೆ ಅವು ದೂರದಿಂದಲೇ ಕಾಣುತ್ತಿದ್ದವು.

ಉಣ್ಣೆ ಕೊಳ್ಳುವವರಿಗೆ ಬಿಳಿಯೇ ಬೇಕು, ಅದಕ್ಕೆ ಬೇಕಾದ ಬಣ್ಣ ಹಾಕಬಹುದು. ಹಿಂಡಿನಲ್ಲಿ ಬಿಳಿ ಬಿಟ್ಟು ಬೇರೆ ಬಣ್ಣ ಇಟ್ಟುಕೊಳ್ಳಬೇಡಿ ಎಂದು ವರ್ಷವರ್ಷವೂ ಯಾರಾದರೂ ಬಂದು ಪಾಠ ಹೇಳಿ ಹೋದರು. ಬಿಳಿ ಗಂಡುಗಳೇ ತುಂಬಿದ ಹಿಂಡಿನಲ್ಲಿ ಕಂದು ತಾಯಿಗೂ ಬಿಳಿ ಮರಿ ಹುಟ್ಟತೊಡಗಿತು. ಒಂದಷ್ಟು ಕಾಯಿಲೆಗೆ ಹೋದವು, ಒಂದೆರಡನ್ನು ನರಿ ತಿಂದಿತು. ಕೊನೆಗೆ ಉಳಿದದ್ದು ಒಂದೇ, ಹದಿನಾಲ್ಕು ವರ್ಷದ ಮಿಶ್ಕಿ. ಆ ವರ್ಷ ಮಿಶ್ಕಿ ಗಬ್ಬವಾಗಿತ್ತು. ಇಲಾರಿಯಾಳ ಮೊಮ್ಮಗಳು ಲುಸ್ಮಿಲಾಗೂ ಆ ವರ್ಷವೇ ಮೂರು ತುಂಬಿತ್ತು. ಕಾರ್ನಿವಾಲ್ ಹಬ್ಬದ ಭಾನುವಾರ ಅವಳ ಕೂದಲು ತೆಗೆಯುವುದೆಂದು ಮಗಳು ಬೆನೀತಾ ಹೇಳಿ ಕಳಿಸಿದ್ದಳು. ಇಲಾರಿಯಾ ಮನಸ್ಸಿನಲ್ಲೇ ಗಂಟು ಹಾಕಿಕೊಂಡಳು: ಮಿಶ್ಕಿಗೆ ಕಂದು ಹೆಣ್ಣುಮರಿ ಹುಟ್ಟಬೇಕು, ಅದನ್ನು ಲುಸ್ಮಿಲಾಗೆ ಕೊಡಬೇಕು. ಅವ್ವನ ಸಾಲು ಮುಂದೆ ಹೋಗಬೇಕು. ಅವಳ ಬದುಕಿನಲ್ಲಿ ಅದಕ್ಕಿಂತ ದೊಡ್ಡ ಆಸೆ ಇದ್ದದ್ದು ನನಗೆ ಗೊತ್ತಿಲ್ಲ.

ಮರಿ ಹಾಕುವ ಕಾಲದಲ್ಲಿ ನಾವು ಹಿಂಡಿನ ಜೊತೆ ಮೇಲಿನ ಜೌಗು ಹುಲ್ಲುಗಾವಲಿಗೆ ಹೋಗಿ ಎರಡು ಮೂರು ತಿಂಗಳು ಅಲ್ಲೇ ಇರುತ್ತೇವೆ. ಪ್ರತಿ ವರ್ಷ ಗಂಡಹೆಂಡತಿ ಸೇರಿ ಅಲ್ಲಿನ ಗುಡಿಸಲಿಗೆ ಹೊಸ ಇಚು ಹುಲ್ಲು ಹೊದಿಸುತ್ತಿದ್ದರು. ಆ ವರ್ಷ ನಿಕಾನೋರ್ ಕಲ್ಲಿನಿಂದ ಜಾರಿ ಕಾಲು ಮುರಿದುಕೊಂಡು ಕೆಳಗೆ ಮಗಳ ಮನೆಯಲ್ಲಿ ಮಲಗಿದ್ದ. ಹಳೇ ಹುಲ್ಲು ಕೊಳೆತು ಸೂರು ಕುಸಿದಿತ್ತು. ಒಬ್ಬಳ ಕೈಲಿ ಸೂರು ಹೊದಿಸುವುದು ಆಗದ ಮಾತು. ಹಾಗಾಗಿ ಅಟ್ಟದ ಮೇಲಿದ್ದ ನೀಲಿ ಡೇರೆ ಕೆಳಗಿಳಿಯಿತು. ಹಿಂದಿನ ವರ್ಷ ಹಿಮ ಬಿದ್ದು ನಮ್ಮ ಪ್ರಾಣಿಗಳು ಸತ್ತಾಗ ಯಾರೋ ಪುಣ್ಯಾತ್ಮರು ಮನೆಗೊಂದರಂತೆ ಹಂಚಿದ್ದ ಡೇರೆ. ಹಗ್ಗ ಎಲ್ಲಿ ಕಟ್ಟಬೇಕು ಎಂದು ತೋರಿಸಿದರು, ನಮ್ಮನ್ನು ಅದರ ಮುಂದೆ ನಿಲ್ಲಿಸಿ ಫೋಟೊ ತೆಗೆದರು, ಹೋದರು. ಒಂದು ರಾತ್ರಿ ಅದರೊಳಗೆ ಮಲಗಿ ನೋಡಿದ್ದರೆ ಅವರೂ ಕಲಿಯುತ್ತಿದ್ದರು, ನಮಗೂ ಹೇಳುತ್ತಿದ್ದರು.

ಡೇರೆಯ ನೆತ್ತಿಯಲ್ಲೊಂದು, ಬಾಗಿಲ ಮೇಲ್ಗಡೆ ಒಂದು, ಜಾಲರಿಯ ಕಿಟಕಿಗಳಿದ್ದವು. ಇಲಾರಿಯಾಗೆ ಮೊದಲು ಕಣ್ಣಿಗೆ ಬಿದ್ದದ್ದು ಅವೇ.

“ಡೇರೆ ಹೊಲ್ದೋನಿಗೆ ತಲೆ ನೆಟ್ಟಗಿತ್ತಾ? ನೆತ್ತಿ ಮೇಲೇ ತೂತು ಬಿಟ್ಟಿದಾನಲ್ಲ,” ಎಂದು ಒಬ್ಬಳೇ ಗೊಣಗಿದಳು. ಒಂದು ಜಾಲರಿಗೆ ನಿಕಾನೋರ್ ಹೊದೆಯುತ್ತಿದ್ದ ಹಳೇ ಪೊಂಚೊ ತುರುಕಿದಳು, ಇನ್ನೊಂದಕ್ಕೆ ತನ್ನ ಲಂಗ. ಡೇರೆಯ ಅಂಚಿನ ಸುತ್ತ ಹೆಂಟೆ ಒತ್ತಿ, ಮಣ್ಣು ಮೆತ್ತಿ, ಕಲ್ಲು ಹೇರಿದಳು. ಒಳಗೆ ಕೂತು ಅಂಗೈ ಎತ್ತಿ ಸುತ್ತಲೂ ಆಡಿಸಿ ನೋಡಿದಳು. ಗಾಳಿಯ ಎಳೆಯೂ ಇಲ್ಲ. ನಿಕಾನೋರ್ ಇದ್ದಿದ್ದರೆ ಅವಳನ್ನು ಗೇಲಿ ಮಾಡುತ್ತಿದ್ದ, ಆಮೇಲೆ ಬೆಚ್ಚಗೆ ಮಲಗುತ್ತಿದ್ದ.

ಅಲ್ಪಾಕಾ ಸಾಮಾನ್ಯವಾಗಿ ಬೆಳಿಗ್ಗೆಯೇ ಮರಿ ಹಾಕುತ್ತದೆ. ತಾಯಿ ಅಲ್ಪಾಕಾ ಹಸುವಿನ ಹಾಗೆ ಮರಿಯನ್ನು ನೆಕ್ಕುವುದಿಲ್ಲ. ಒದ್ದೆ ಮರಿಯನ್ನು ಬಿಸಿಲೇ ಒಣಗಿಸಬೇಕು. ಅದು ತಾಯಂದಿರಿಗೆ ಹೇಗೋ ಗೊತ್ತು, ಬಿಸಿಲೇರುವುದನ್ನು ಕಾಯುತ್ತವೆ. ಮಿಶ್ಕಿ ಮಾತ್ರ, ವಯಸ್ಸಾದದ್ದಕ್ಕೋ ಏನೋ, ಸೋಮವಾರ ಬೆಳಗಿನಿಂದ ತಿಣುಕಿ ತಿಣುಕಿ ಸಂಜೆ ನಾಲ್ಕಕ್ಕೆ, ಹಿಮ ಬೆರೆತ ಮಳೆ ಹುಯ್ಯುತ್ತಿರುವಾಗ ಈಯಿತು. ಇಲಾರಿಯಾ ಕೆಸರಿನಲ್ಲಿ ಮಂಡಿಯೂರಿ ಮರಿಯನ್ನು ಎಳೆದುಕೊಂಡಳು. ಬಾಲ ಎತ್ತಿ ನೋಡಿದಳು. ಹೆಣ್ಣು. ಲೋಳೆ ಒರೆಸಿ ನೋಡಿದಳು. ಮೂತಿಯಿಂದ ಪಾದದ ತನಕ ಒಂದೇ ಬಣ್ಣ, ಒಂದು ಬಿಳಿ ಕೂದಲಿಲ್ಲ. ಅವಳಿಗೆ ಅಳು ಬಂದುಬಿಟ್ಟಿತು.

“ಬಂದ್ಯಾ ತಾಯೀ,” ಎಂದು ಅದನ್ನು ಶಾಲಿನೊಳಗೆ ಹಾಕಿಕೊಂಡು ಡೇರೆಗೆ ಓಡಿದಳು.

ಒರಟು ಬಟ್ಟೆಯಿಂದ ತಿಕ್ಕಿ ತಿಕ್ಕಿ ಒಣಗಿಸಿದಳು. ಲುಸ್ಮಿಲಾ ಹಾಕಿ ಬಿಟ್ಟ ಕೆಂಪು ಸ್ವೆಟರ್ ಒಂದನ್ನು ಬೆನೀತಾ ಕಳಿಸಿದ್ದಳು. ಅದರ ತೋಳಿನಲ್ಲಿ ಮರಿಯ ಮುಂಗಾಲು ತೂರಿಸಿ ತೊಡಿಸಿದಳು. ಮರಿ ನಡುಗುತ್ತ ನಿಂತು, ಬಿದ್ದು, ಮತ್ತೆ ನಿಂತಿತು. ಮಿಶ್ಕಿಗೆ ಏಳಲಾಗಲಿಲ್ಲ. ಮಂಗಳವಾರ ಮಧ್ಯಾಹ್ನ ಅದು ಕತ್ತು ನೆಲಕ್ಕೆ ಚಾಚಿ ಪ್ರಾಣ ಬಿಟ್ಟಿತು. ಈಗ ಇಡೀ ಸಾಲಿನಲ್ಲಿ ಉಳಿದದ್ದು ಕೆಂಪು ಸ್ವೆಟರ್ ಹಾಕಿಕೊಂಡ ಒಂದು ದಿನದ ಜೀವ.

ಮರಿ ಕಳೆದುಕೊಂಡಿದ್ದ ಒಂದು ಬಿಳಿ ತಾಯಿಗೆ ಇದನ್ನು ಒಪ್ಪಿಸಲು ಇಲಾರಿಯಾ ನೋಡಿದಳು. ಆ ಬಿಳಿಯಮ್ಮ ಮರಿಯನ್ನು ಮೂಸಿ, ಕಿವಿ ಹಿಂದಕ್ಕೆ ಮಡಚಿ, ಹಸಿರು ಉಗುಳನ್ನು ನೇರ ಇಲಾರಿಯಾಳ ಮುಖಕ್ಕೆ ಉಗುಳಿತು. ಹಾಲು ಹಿಂಡಿಕೊಳ್ಳಲು ಮಾತ್ರ ಕಾಲು ಕಟ್ಟಿಸಿಕೊಂಡಿತು. ಬಟ್ಟಲಿನ ತಳ ಮುಚ್ಚುವಷ್ಟು ಹಾಲನ್ನು ಸೀಸೆಗೆ ಹಾಕಿ, ಗಳಿಗೆಗೊಮ್ಮೆ ಕುಡಿಸುತ್ತ, ಇಲಾರಿಯಾ ಮರಿಯನ್ನು ಮಗ್ಗುಲಲ್ಲೇ ಮಲಗಿಸಿಕೊಂಡಳು. ಅದಕ್ಕೆ ಹೆಸರಿಡಲಿಲ್ಲ. ವಾರ ಕಳೆಯುವ ಮೊದಲು ಹೆಸರಿಟ್ಟರೆ ಬೆಟ್ಟದಪ್ಪನ ಕಿವಿಗೆ ಬೀಳುತ್ತದೆ, ಕೇಳಿ ಕರೆಸಿಕೊಳ್ಳುತ್ತಾನೆ. ಸುಮ್ಮನೆ ಕೂಸೇ ಎಂದು ಕರೆದಳು.

ಬುಧವಾರ ಬೆಳಗಾಗುವ ಹೊತ್ತಿಗೆ ಹಣೆಯ ಮೇಲೆ ತಣ್ಣಗೆ ಏನೋ ತೊಟ್ಟಿಕ್ಕಿ ಅವಳಿಗೆ ಎಚ್ಚರವಾಯಿತು. ಕೈಯೆತ್ತಿ ಡೇರೆಯ ಒಳಮೈ ಸವರಿದಳು. ಅಂಗೈ ತುಂಬ ನೀರು. ಹೊದಿಕೆಯ ಮೇಲ್ಭಾಗ ಒದ್ದೆ, ಮರಿಯ ಸ್ವೆಟರಿನ ಬೆನ್ನು ಒದ್ದೆ. ಹೊರಗೆ ಬಂದು ನೋಡಿದರೆ ರಾತ್ರಿ ಮಳೆಯೇ ಬಿದ್ದಿರಲಿಲ್ಲ. ನೆಲ ಗಟ್ಟಿಯಾಗಿ ಹೆಪ್ಪುಗಟ್ಟಿತ್ತು.

“ಮಳೆ ಇಲ್ದೆ ಸೋರೋ ಸೂರು ಇದೊಂದೇ ಇರ್ಬೇಕು,” ಎಂದುಕೊಂಡಳು. ಬಟ್ಟೆ ಮಂಜನ್ನು ಹೀರಿಕೊಂಡಿರಬೇಕು, ಅದು ಒಳಗೆ ಇಳಿದಿರಬೇಕು ಎಂಬುದು ಅವಳ ಲೆಕ್ಕ. ಹಾಗಾಗಿ ಡೇರೆಯ ಮೇಲೆ ಒಂದು ದೊಡ್ಡ ಪ್ಲಾಸ್ಟಿಕ್ ಹಾಳೆ ಎಳೆದು, ನಾಲ್ಕೂ ಕಡೆ ನೆಲದ ತನಕ ಇಳಿಬಿಟ್ಟು ಕಲ್ಲಿಟ್ಟಳು. ಬಾಗಿಲ ಜಿಪ್ಪಿನ ಉದ್ದಕ್ಕೂ ಉಣ್ಣೆಯ ಎಳೆ ಒತ್ತಿದಳು. ಒದ್ದೆಯಾದ ಸ್ವೆಟರನ್ನು ಒಳಗೇ ಹಗ್ಗ ಕಟ್ಟಿ ಒಣಹಾಕಿದಳು. ಚಳಿ ಮುರಿಯಲೆಂದು ಹೊರಗಿನ ಒಲೆಯಲ್ಲಿ ಒಂದು ಪಾತ್ರೆ ನೀರು ಕುದಿಸಿ ತಂದು, ಮುಚ್ಚಳ ತೆಗೆದು ಮರಿಯ ಪಕ್ಕ ಇಟ್ಟಳು. ಡೇರೆಯೊಳಗೆ ಹಿತವಾದ ಬಿಸಿ ಹರಡಿತು. ಮರಿ ಕಣ್ಣು ಮುಚ್ಚಿ ಕತ್ತು ಅವಳ ತೊಡೆಗೆ ಚಾಚಿತು. ಆ ಅರ್ಧ ಗಂಟೆ ಇಲಾರಿಯಾ ನಿಜವಾಗಿ ಸುಖವಾಗಿದ್ದಳು.

ಗುರುವಾರ ಬೆಳಿಗ್ಗೆ ಡೇರೆಯೊಳಗೆ ಮಳೆ ಬರುತ್ತಿತ್ತು. ಮಿಸುಕಾಡಿದರೆ ಸಾಕು, ಮೈ ತಾಗಿದ ಕಡೆಯಿಂದ ಹನಿಗಳು ಸಾಲಾಗಿ ಉದುರುತ್ತಿದ್ದವು. ನೀರು ಗೋಡೆಗುಂಟ ಇಳಿದು ಕುರಿಚರ್ಮದ ಹಾಸಿಗೆಯ ಅಂಚನ್ನು ನೆನೆಸಿತ್ತು. ಬಟ್ಟೆಯಿಂದ ಒರೆಸಿ ಹಿಂಡಿದರೆ ಲೋಟ ತುಂಬಿತು. ಮತ್ತೆ ಒರೆಸಿದಳು, ಮತ್ತೆ ತುಂಬಿತು. ಮರಿ ಒಮ್ಮೆ ಕೆಮ್ಮಿತು. ಸಣ್ಣ ಕೆಮ್ಮು, ಮಗು ಗಂಟಲು ಸರಿಮಾಡಿಕೊಂಡ ಹಾಗೆ. ಇಲಾರಿಯಾಗೆ ಆ ಕೆಮ್ಮು ಗೊತ್ತಿತ್ತು. ಐವತ್ತೆರಡು ವರ್ಷ ಕಳೆದರೂ ಗೊತ್ತಿತ್ತು. ಇನ್ನೆಲ್ಲೋ ಒಂದು ಸಂದಿ ಉಳಿದಿದೆ ಎಂದು ಅವಳು ಬತ್ತಿ ಹೊಸೆದ ಉಣ್ಣೆ ಹಿಡಿದು ಡೇರೆಯ ಹೊಲಿಗೆಗಳನ್ನೇ ತಡವತೊಡಗಿದಳು.

ಆ ಹೊತ್ತಿಗೆ ಮೈದುನ ರುಫಿನೊ ಕುದುರೆಯ ಮೇಲೆ ಆಲೂಗಡ್ಡೆ ಮೂಟೆ ಹೇರಿಕೊಂಡು ಬಂದ. ನಿಕಾನೋರನ ತಮ್ಮ ಈ ರುಫಿನೊ, ಬೆಟ್ಟ ಹತ್ತಲು ಬರುವ ಪರದೇಶಿಗಳ ಸಾಮಾನು ಕುದುರೆಗಳ ಮೇಲೆ ಹೊರಿಸಿ ವರ್ಷದಲ್ಲಿ ಐದು ತಿಂಗಳು ಸುತ್ತುತ್ತಾನೆ. ಡೇರೆಯನ್ನು ಕಂಡು ಅಲ್ಲೇ ನಿಂತ.

“ಅತ್ತಿಗೇ, ಇದೇನು ಡೇರೆನೋ ಸಮಾಧಿನೋ? ಇಲಿಗೂ ದಾರಿ ಬಿಟ್ಟಿಲ್ವಲ್ಲ.”

“ನಗ್ಬೇಡ. ಸೋರ್ತಿದೆ. ಎಲ್ಲಿಂದ ಅಂತ ನೋಡು ಬಾ.”

ರುಫಿನೊ ತಲೆ ಒಳಗೆ ತೂರಿಸಿ, ಒಂದು ಕ್ಷಣ ನೋಡಿ, ಹೊರಗೆ ಬಂದ. ಅವನ ಮುಖದಲ್ಲಿ ನಗು ಇರಲಿಲ್ಲ.

“ಸೋರ್ತಿಲ್ಲ ಅತ್ತಿಗೆ. ಇದು ನಿನ್ನ ಉಸಿರು.”

“ಹುಚ್ಚುಚ್ಚಾಗಿ ಮಾತಾಡ್ಬೇಡ.”

ಅವನು ಹೊರಗಿದ್ದ ಪಾತ್ರೆಯ ಮುಚ್ಚಳ ತೆಗೆದುಕೊಂಡು, ತೋಳಿನಲ್ಲಿ ಒರೆಸಿ, ಅವಳ ಬಾಯಿಯ ಮುಂದೆ ಹಿಡಿದ. “ಊದು,” ಎಂದ. ಊದಿದಳು. ಮುಚ್ಚಳ ಮಬ್ಬಾಯಿತು. “ಇನ್ನೊಂದ್ಸಲ.” ಊದಿದಳು. ಮಬ್ಬು ಹನಿಯಾಗಿ ಅಂಚಿಗೆ ಇಳಿಯಿತು.

“ನೋಡಿದ್ಯಾ? ಎರಡೇ ಉಸಿರಿಗೆ ಒಂದು ಹನಿ. ರಾತ್ರಿಯೆಲ್ಲ ನೀನು ಉಸಿರಾಡ್ತೀಯ, ಮರಿ ಉಸಿರಾಡುತ್ತೆ. ಅದರ ಮೇಲೆ ಒದ್ದೆ ಸ್ವೆಟರು, ಕುದಿಯೋ ನೀರು. ಆ ಹಬೆಯೆಲ್ಲ ಎಲ್ಲಿಗೆ ಹೋಗ್ಬೇಕು? ಹೊರಗೆ ಹೋಗೋಕೆ ನೀನು ಬಿಟ್ಟಿಲ್ಲ. ತಣ್ಣಗಿರೋ ಬಟ್ಟೆಗೆ ತಾಗಿ ನೀರಾಗುತ್ತೆ, ನಿಮ್ಮ ಮೇಲೇ ಬೀಳುತ್ತೆ. ನೆತ್ತಿ ಮೇಲೆ ಕಿಟಕಿ ಯಾಕೆ ಬಿಟ್ಟಿದಾರೆ ಅಂದ್ಕೊಂಡೆ? ಪರದೇಶಿಗಳೂ ಹಿಂಗೇ ಮುಚ್ಕೊಂಡು ಮಲ್ಗಿ, ಬೆಳಿಗ್ಗೆ ಎದ್ದು ಡೇರೆ ಸೋರುತ್ತೆ ಅಂತ ನನ್ನ ಮೇಲೆ ಹಾರಾಡೋರು.”

ಇಲಾರಿಯಾ ಮುಚ್ಚಳವನ್ನು ಕೈಗೆ ತೆಗೆದುಕೊಂಡು ಆ ಹನಿಯನ್ನು ನೋಡಿದಳು.

“ಗುಡಿಸಲಲ್ಲೂ ಮುಚ್ತಿದ್ದೆ. ಅಲ್ಲಿ ಯಾವತ್ತೂ ಹಿಂಗಾಗ್ಲಿಲ್ಲ.”

“ಅದು ಹುಲ್ಲು. ನೀನು ಎಷ್ಟು ಮುಚ್ಚಿದ್ರೂ ಹುಲ್ಲು ಉಸಿರು ಬಿಟ್ಕೊಡುತ್ತೆ. ಇದು ಬಿಡಲ್ಲ.”

“ಹಂಗಂದ್ರೆ ನಾನು ಉಸಿರಾಡಿದ್ದೇ ತಪ್ಪಾಯ್ತಾ?”

“ಉಸಿರಾಡಿದ್ದು ತಪ್ಪಲ್ಲ ಅತ್ತಿಗೆ. ಕೂಡಿ ಹಾಕಿದ್ದು ತಪ್ಪು.”

ಇಬ್ಬರೂ ಸೇರಿ ಪ್ಲಾಸ್ಟಿಕ್ ಎಳೆದು ಹಾಕಿದರು. ರುಫಿನೊ ಪೊಂಚೊವನ್ನೂ ಲಂಗವನ್ನೂ ಜಾಲರಿಯಿಂದ ಕಿತ್ತ. ಗಾಳಿ ಒಂದು ಕಡೆ ಬಂದು ಇನ್ನೊಂದು ಕಡೆ ಹೋಗುವ ಹಾಗೆ ಕೆಳ ಅಂಚಿನ ಮಣ್ಣು ಒಡೆದ. ಪ್ರತಿಯೊಂದು ಸಲ ಅವನು ಕೈ ಹಾಕಿದಾಗಲೂ ಇಲಾರಿಯಾಗೆ ಅವನ ಕೈ ಹಿಡಿಯಬೇಕೆನಿಸಿತು, ಹಿಡಿಯಲಿಲ್ಲ. ಆ ದಿನ ಬಿಸಿಲು ಒಳ್ಳೆಯದಿತ್ತು. ಹಾಸಿಗೆ, ಹೊದಿಕೆ, ಸ್ವೆಟರು ಎಲ್ಲವನ್ನೂ ಕಲ್ಲಿನ ದೊಡ್ಡಿಯ ಮೇಲೆ ಹರವಿದರು. ಮಧ್ಯಾಹ್ನದ ಹೊತ್ತಿಗೆ ಡೇರೆಯ ಒಳಮೈ ಒಣಗಿ ಚರಚರ ಅನ್ನುತ್ತಿತ್ತು. ಮರಿ ಬಿಸಿಲಿನಲ್ಲಿ ಕಾಲು ಮಡಚಿ ಕೂತು ಸೀಸೆಯ ಹಾಲನ್ನು ತಳದ ತನಕ ಕುಡಿಯಿತು, ಎದ್ದು ನಾಲ್ಕು ಹೆಜ್ಜೆ ನೆಗೆಯಿತು ಕೂಡ.

“ಭಾನುವಾರ ಕೂದಲು ತೆಗೆಯೋಕೆ ಇದನ್ನ ಹೊತ್ಕೊಂಡೇ ಹೋಗ್ತೀನಿ,” ಎಂದಳು ಇಲಾರಿಯಾ. “ಲುಸ್ಮಿಲಾ ಕೈಗೇ ಕೊಡ್ತೀನಿ.”

“ಕೊಡು. ಆದ್ರೆ ಇವತ್ತು ರಾತ್ರಿ ತೆರೆದೇ ಇಡ್ಬೇಕು. ಕೈ ಸುಮ್ನಿರಲ್ಲ ನಿಂದು, ನಂಗೊತ್ತು.”

“ಇಡ್ತೀನಿ ಅಂದ್ನಲ್ಲ.”

ರುಫಿನೊ ಆಚೆ ಕಣಿವೆಯ ದೊಡ್ಡಿಗೆ ಹೋಗಬೇಕಿತ್ತು. ಬೆಳಿಗ್ಗೆ ಮತ್ತೆ ಬರುತ್ತೇನೆಂದು ಹೊರಟ.

ಸಂಜೆ ಹೊತ್ತಿಗೆ ಗಾಳಿ ತಿರುಗಿತು. ಬೆಟ್ಟದ ಆಚೆಯಿಂದ, ಹಳೆಯ ಸಮಾಧಿಗಳ ಕಡೆಯಿಂದ. ತೆರೆದ ಜಾಲರಿಯಿಂದ ಒಳಗೆ ಬಂದು, ಮರಿಯ ಕಿವಿಯ ಕೂದಲನ್ನು ಅಲುಗಿಸಿ, ಕೆಳಗಿನಿಂದ ಹೊರಗೆ ಹೋಯಿತು. ಇಲಾರಿಯಾ ಮರಿಗೆ ಅಡ್ಡವಾಗಿ ಕೂತಳು. ಒಣಗಿದ ಸ್ವೆಟರನ್ನು ಅದಕ್ಕೆ ತೊಡಿಸಿ, ತನ್ನೆರಡು ಶಾಲುಗಳನ್ನೂ ಸುತ್ತಿದಳು. ಬಿಸಿನೀರಿನ ಸೀಸೆಯನ್ನು ಗಟ್ಟಿಯಾಗಿ ಬಿರಡೆ ಹಾಕಿ ಅದರ ಹೊಟ್ಟೆಗೆ ಒತ್ತಿ ಇಟ್ಟಳು. ಆದರೂ ಮರಿ ನಡುಗತೊಡಗಿತು. ನಡುಕ ಅದರ ಪಕ್ಕೆಯಿಂದ ಅವಳ ತೊಡೆಗೆ ಬರುತ್ತಿತ್ತು. ಮತ್ತೆ ಕೆಮ್ಮಿತು.

ರುಫಿನೊ ಹೇಳಿದ್ದು ಅವಳಿಗೆ ಅರ್ಥವಾಗಿತ್ತು. ಮುಚ್ಚಳದ ಹನಿಯನ್ನು ಕಣ್ಣಾರೆ ನೋಡಿದ್ದಳು, ಸುಳ್ಳೆಂದು ಅವಳಿಗೆ ಅನಿಸಲಿಲ್ಲ. ಆದರೆ ಅರ್ಥವಾದದ್ದು ತಲೆಗೆ, ಕೈಗಲ್ಲ. ಮೇಲಿನ ಜಾಲರಿಗೆ ಪೊಂಚೊದ ಒಂದು ತುದಿ ಮಾತ್ರ ಸಿಕ್ಕಿಸಿದಳು. ನಾಲ್ಕು ಬೆರಳಿನಷ್ಟು ತೆರೆದೇ ಇದೆಯಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಆಮೇಲೆ ಎರಡು ಬೆರಳು. ಮರಿಯ ನಡುಕ ನಿಲ್ಲಲಿಲ್ಲ. ತೆರೆದರೆ ಚಳಿ, ಮುಚ್ಚಿದರೆ ನೀರು. ಯಾರನ್ನು ಕೇಳುವುದು? ಸುತ್ತ ಬೆಟ್ಟ, ದೊಡ್ಡಿಯಲ್ಲಿ ನೂರಾನಲವತ್ತು ಬಿಳಿ ಬೆನ್ನುಗಳು. ದಿಕ್ಕು ತೋಚದೆ ಅವಳು ಮೂರು ಕೋಕಾ ಎಲೆ ಆರಿಸಿ ಬೆಟ್ಟದಪ್ಪನ ಹೆಸರಲ್ಲಿ ಊದಿ ಬಾಗಿಲಾಚೆ ನೆಲಕ್ಕೆ ಕಾಣಿಕೆ ಇಟ್ಟಳು. ಗಾಳಿ ಎಲೆಗಳನ್ನು ಹಾರಿಸಿಕೊಂಡು ಹೋಯಿತು. ಆಗ ಅವಳು ಎದ್ದು ಎರಡೂ ಜಾಲರಿಗಳನ್ನು ಮುಚ್ಚಿದಳು. ಕೆಳಗಿನ ಸಂದಿಗೆ ಕುರಿಚರ್ಮ ಒತ್ತಿದಳು. ಮರಿಯನ್ನು ಎದೆಗೆ ಅವುಚಿಕೊಂಡು ಮಲಗಿದಳು. ಸ್ವಲ್ಪ ಹೊತ್ತಿಗೆ ಮರಿಯ ನಡುಕ ನಿಂತಿತು. ಬೆಚ್ಚಗಾಯಿತು ಎಂದುಕೊಂಡಳು. ಮೂರು ದಿನದ ನಿದ್ದೆ ಬಾಕಿ ಇತ್ತು, ಅವಳಿಗೇ ತಿಳಿಯದ ಹಾಗೆ ಕಣ್ಣು ಮುಚ್ಚಿತು.

ಶುಕ್ರವಾರ ಬೆಳಿಗ್ಗೆ ಎಚ್ಚರವಾದಾಗ ಹನಿ ಬೀಳುತ್ತಿರಲಿಲ್ಲ. ಕಣ್ಣು ಬಿಟ್ಟು ನೋಡಿದರೆ ಡೇರೆಯ ಒಳಮೈಯೆಲ್ಲ ಬೆಳ್ಳಗಿತ್ತು. ರಾತ್ರಿಯ ಉಸಿರು ಹರಳುಹರಳಾಗಿ ಹೆಪ್ಪುಗಟ್ಟಿ ನೀಲಿ ಬಟ್ಟೆಗೆ ಅಂಟಿಕೊಂಡಿತ್ತು. ಮರಿಯ ತಲೆ ಅವಳ ತೋಳಿನ ಮೇಲೇ ಇತ್ತು. ಕೆಂಪು ಸ್ವೆಟರಿನ ಬೆನ್ನು ಹಲಗೆಯ ಹಾಗೆ ಸೆಟೆದಿತ್ತು. ಮರಿಯೂ ಸೆಟೆದಿತ್ತು.

ರುಫಿನೊ ಬಂದಾಗ ಅವಳು ಡೇರೆಯೊಳಗೆ ಮರಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಅವನು ಬಾಗಿಲಲ್ಲಿ ಕುಕ್ಕರಗಾಲಲ್ಲಿ ಕೂತು ಮೊದಲು ಮರಿಯನ್ನು ನೋಡಿದ, ಆಮೇಲೆ ಕತ್ತೆತ್ತಿ ಬಿಳಿಚಿದ ಒಳಮೈಯನ್ನು ನೋಡಿದ.

“ತೆರೆದಿದ್ದೆ,” ಎಂದಳು ಅವಳು. “ನೀನು ಹೇಳ್ದಂಗೇ ತೆರೆದಿದ್ದೆ. ನಡುಗ್ತಿತ್ತು. ಆಮೇಲೆ ಮುಚ್ದೆ.”

“ಹೂಂ.”

“ತೆರೆದಿದ್ದಕ್ಕೆ ಹೋಯ್ತಾ, ಮುಚ್ಚಿದ್ದಕ್ಕೆ ಹೋಯ್ತಾ? ನೀನು ಡೇರೆ ಬಲ್ಲೋನು, ಹೇಳು.”

ರುಫಿನೊ ಟೋಪಿ ತೆಗೆದು ಕೈಯಲ್ಲಿ ತಿರುಗಿಸಿದ.

“ಗೊತ್ತಿಲ್ಲ ಅತ್ತಿಗೆ. ಮೊದಲ ಎರಡು ದಿನದ ಒದ್ದೇನೇ ಸಾಕಾಗಿತ್ತೇನೋ. ತಾಯಿ ಹಾಲೂ ಕುಡೀಲಿಲ್ಲ ಅದು. ನಂಗೊತ್ತಿಲ್ಲ.”

ಬಿಸಿಲು ದಿನ್ನೆ ದಾಟಿ ಡೇರೆಯ ಮೇಲೆ ಬಿತ್ತು. ಹರಳುಗಳು ಕರಗಿ ಮೊದಲು ಒಂದು ಹನಿ, ಆಮೇಲೆ ಹತ್ತು, ಆಮೇಲೆ ಎಲ್ಲ ಕಡೆಯಿಂದ ತೊಟ್ಟಿಕ್ಕತೊಡಗಿದವು. ಅವಳ ಉಸಿರೂ ಅದರಲ್ಲಿತ್ತು, ಮರಿಯದೂ ಇತ್ತು. ಒರೆಸುವ ಬಟ್ಟೆ ಕೈಗೆ ಸಿಗುವಷ್ಟು ಹತ್ತಿರವೇ ಬಿದ್ದಿತ್ತು. ಇಲಾರಿಯಾ ಅದನ್ನು ತೆಗೆದುಕೊಳ್ಳಲಿಲ್ಲ. ತಲೆ, ಭುಜ, ಮಡಿಲು ಎಲ್ಲ ನೆನೆಯುವ ತನಕ ಹಾಗೇ ಕೂತಿದ್ದಳು.

ಭಾನುವಾರ ಬೆನೀತಾಳ ಮನೆಯಲ್ಲಿ ನೆಂಟರೆಲ್ಲ ನೆರೆದಿದ್ದರು. ಲುಸ್ಮಿಲಾಳ ಕೂದಲನ್ನು ಸಣ್ಣ ಸಣ್ಣ ಜಡೆಗಳಾಗಿ ಹೆಣೆದು ಒಂದೊಂದಕ್ಕೂ ರಿಬ್ಬನ್ ಕಟ್ಟಿದ್ದರು. ಎಡಗಿವಿಯ ಹಿಂದಿನ ಜಡೆಗೆ ಕಂದು ಉಣ್ಣೆಯ ದಾರ. ಅದು ಅಜ್ಜಿಯದೆಂದು ಬೆನೀತಾ ಮೊದಲೇ ಗುರುತು ಮಾಡಿಟ್ಟಿದ್ದಳು. ಕೂಸಿಗೆ ಧರ್ಮದ ತಂದೆತಾಯಿಯಾದ ದೇವರಪ್ಪ ದೇವರವ್ವ ಮೊದಲು ಕತ್ತರಿಸಿದರು. ನಿಕಾನೋರ್ ಕೋಲೂರಿಕೊಂಡು ಬಂದು, “ಎರಡು ಬಿಳಿ ಹೆಣ್ಣು ಕೊಟ್ಟೆ,” ಎಂದು ಕತ್ತರಿಸಿದ. ರುಫಿನೊ ಒಂದು ಕುರಿ ಹೇಳಿದ. ಕತ್ತರಿ ಇಲಾರಿಯಾಳ ಕೈಗೆ ಬಂತು.

ಅವಳು ಜಡೆಯನ್ನು ಹಿಡಿದಳು. ಎಲ್ಲರೂ ಕಾದರು. ನಿಕಾನೋರ್ ಅವಳ ಪಕ್ಕಕ್ಕೆ ಬಾಗಿ ಮೆಲ್ಲಗೆ, “ನಂದೊಂದು ಬಿಳೀದು ಹೇಳ್ಬಿಡೇ. ಯಾರೇನು ಅಂತಾರೆ?” ಎಂದ. ಬಿರಡೆ ಎನ್ನಲಿಲ್ಲ. ಅವತ್ತಿನಿಂದ ಅವನ ಬಾಯಿಂದ ನಾನು ಆ ಹೆಸರು ಕೇಳಿಲ್ಲ.

“ನಿನ್ನ ಸಾಲಿಂದು ನೀನು ಕೊಟ್ಟಾಯ್ತಲ್ಲ ಮುದ್ಕಾ,” ಎಂದಳು ಅವಳು. ಆಮೇಲೆ ಮೊಮ್ಮಗಳ ಎದುರು ಕೂತು, ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು, “ನನ್ನ ಹತ್ರ ಕೊಡೋಕೆ ಏನೂ ಇಲ್ಲ ಮಗಾ. ಇತ್ತು. ನಾನು ಉಳಿಸ್ಕೊಳ್ಲಿಲ್ಲ.”

ಕೊಡದೆ ಕತ್ತರಿಸುವ ಹಾಗಿಲ್ಲ. ಅವಳು ಕತ್ತರಿಯನ್ನು ತಟ್ಟೆಯಲ್ಲಿಟ್ಟಳು. ಲುಸ್ಮಿಲಾ ಕೈಯಿಂದ ತಲೆ ತಡವಿ ನೋಡಿಕೊಂಡಳು.

“ಅಜ್ಜೀ, ನಿಂದು ಒಂದು ಉಳೀತು.”

ಈಗ ಲುಸ್ಮಿಲಾ ಶಾಲೆಗೆ ಹೋಗುತ್ತಾಳೆ. ಬೇರೆ ಕೂದಲು ಹೊಸದಾಗಿ ಬೆಳೆದು ಹೆಗಲಿಗೆ ಬಂದಿದೆ, ಎಡಗಿವಿಯ ಹಿಂದಿನದು ಮಾತ್ರ ಸೊಂಟಕ್ಕೆ ಇಳಿದಿದೆ. ಟೀಚರು ಒಮ್ಮೆ ಅದನ್ನು ಸಮ ಮಾಡಲು ಹೋದರೆ ಊರು ಒಂದಾಗುವ ಹಾಗೆ ಕಿರುಚಿದಳಂತೆ. ಇಲಾರಿಯಾ ಮನೆಯ ಹೊಗೆತೂತಿನ ಟೋಪಿಯನ್ನು ಕೆಲವು ದಿನ ತೆಗೆಯುತ್ತಾಳೆ, ಕೆಲವು ದಿನ ಮತ್ತೆ ತುರುಕುತ್ತಾಳೆ. ಯಾವುದು ಸರಿ ಎಂದು ಅವಳಿಗೆ ಇವತ್ತಿಗೂ ತಿಳಿದಿಲ್ಲ. ಪ್ರತಿ ಕಾರ್ನಿವಾಲಿನ ಭಾನುವಾರ ಲುಸ್ಮಿಲಾ ಬಂದು ಅಜ್ಜಿಯ ಮುಂದೆ ಬೆನ್ನು ಹಾಕಿ ಕೂತು, ಎಡಗಿವಿಯನ್ನು ಅವಳ ಕಡೆ ತಿರುಗಿಸುತ್ತಾಳೆ.

“ಈ ವರ್ಷ ಕೊಡ್ತೀಯಾ ಅಜ್ಜಿ?”

ಇಲಾರಿಯಾ ಜಡೆ ಬಿಚ್ಚಿ, ಬಾಚಿ, ಮತ್ತೆ ಬಿಗಿಯಾಗಿ ಹೆಣೆದು, ಅದೇ ಕಂದು ದಾರವನ್ನು ಕಟ್ಟಿ ಕಳಿಸುತ್ತಾಳೆ.